ದೊಡ್ಡಮ್ಮ ನನಗೇನಾಗಬೇಕು

ಅರ್ಜಿಯ ಎರಡನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ಆರೈಕೆ ಪಡೆಯುವ ವ್ಯಕ್ತಿ ನಿಮಗೆ ಏನಾಗಬೇಕು? ನಾನು ‘ತಾಯಿ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆ.

ಸುಳ್ಳು ಬರೆಯುವ ಉದ್ದೇಶವಿರಲಿಲ್ಲ. ದೊಡ್ಡಮ್ಮನನ್ನು ಇಲ್ಲಿಯವರಿಗೆಲ್ಲ ಹಾಗೆಯೇ ಪರಿಚಯಿಸಿ ಅಭ್ಯಾಸವಾಗಿಹೋಗಿತ್ತು. ಆಂಟ್ ಎಂದರೆ ಇವರ ಕಣ್ಣ ಮುಂದೆ ಕ್ರಿಸ್‌ಮಸ್ಸಿಗೊಂದು ಕಾರ್ಡ್ ಕಳಿಸಿ ಸುಮ್ಮನಾಗುವ ಹೆಂಗಸು ಬಂದು ನಿಲ್ಲುತ್ತಾಳೆ. ದೊಡ್ಡಮ್ಮ ಅಂಥವರಲ್ಲ. ನಾನು ಓದಲೆಂದು ಈ ದೇಶಕ್ಕೆ ಬಂದಿಳಿದ ದಿನ ಏರ್‌ಪೋರ್ಟಿಗೆ ಬಂದಿದ್ದವರು ಅವರು. ನನ್ನ ಸೂಟ್‌ಕೇಸನ್ನು ಅವರೇ ಡಿಕ್ಕಿಗೆ ಎತ್ತಿಹಾಕಿದರು ಎಂದು ನನಗೆ ನೆನಪು. ಸೂಟ್‌ಕೇಸಿನ ತೂಕ ಯೋಚಿಸಿದರೆ ಅದು ನಿಜವಿರಲಾರದು ಎಂದೂ ಅನಿಸುತ್ತದೆ. ನನ್ನ ಮಗಳು ಹುಟ್ಟಿದಾಗ ಬಾಣಂತನ ಮಾಡಿದವರು ಅವರು. ಅಮ್ಮ ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನನಗಿಂತ ಮೊದಲು ಟಿಕೆಟ್ ತೆಗೆಸಿದವರೂ ಅವರೇ.

ಅವರಿಗೆ ಮಕ್ಕಳಿಲ್ಲ. ದೊಡ್ಡಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾಗಿ, ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ನ್ಯೂಕ್ಯಾಸಲ್‌ನ ಗುಡ್ಡದ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತೆಂಟು ತುಂಬಿದ ಮೇಲೂ ಫ್ರೀವೇಯಲ್ಲಿ ನನಗಿಂತ ಜೋರಾಗಿ ಓಡಿಸುತ್ತಿದ್ದರು. ಇದು ಮಾತ್ರ ನೆನಪಿನ ಮಾತಲ್ಲ, ಪೊಲೀಸರು ಬರೆದುಕೊಟ್ಟ ಎರಡು ಚೀಟಿಗಳಿವೆ.

ಆ ಚಳಿಗಾಲ ಅವರು ತಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ, ಮಂಜು ಹೆಪ್ಪುಗಟ್ಟಿದ್ದ ಬೆಳಿಗ್ಗೆ, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ಮತ್ತೆ ನಡೆಯಲು ಕಲಿಸುವ ರಿಹ್ಯಾಬ್ ಸೆಂಟರಿಗೆ ಸೇರಿಸಿದರು. ಅಲ್ಲಿ ಅವರು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ವಾಕರಿಗೆ ಬರುವಷ್ಟರಲ್ಲಿ ವಿಮೆಯವರು ಖರ್ಚು ಕೊಡುವ ದಿನಗಳು ಮುಗಿಯುತ್ತ ಬಂದಿದ್ದವು. ಅಲ್ಲಿನ ಸೋಷಿಯಲ್ ವರ್ಕರ್ ನಮ್ಮನ್ನು ಕೂರಿಸಿಕೊಂಡು ವಿಷಯ ಹೇಳಿದಳು. ಒಬ್ಬರನ್ನೇ ಮನೆಗೆ ಕಳಿಸಲು ಆಗುವುದಿಲ್ಲ. ಮೆಟ್ಟಿಲಿಲ್ಲದ ಜಾಗ ಬೇಕು, ಸ್ನಾನಕ್ಕೆ, ಬಟ್ಟೆಗೆ ಸಹಾಯ ಮಾಡಲು ಮನೆಯವರು ಕೂಗಳತೆಯಲ್ಲಿರಬೇಕು. ಅಂಥ ಜಾಗವಿಲ್ಲದಿದ್ದರೆ ಕೇರ್ ಹೋಮ್. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಸ್ವಂತ ಮನೆಯನ್ನು ಮಾರಿಬಿಡುತ್ತಾರೆ.

ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಆಕೆ ಹೊರಗೆ ಹೋಗುವವರೆಗೆ ಕಾದು, ನನ್ನ ಕಡೆ ತಿರುಗಿದರು.

“ಅಲ್ಲಿಗೆ ಹೋದೋರು ವಾಪಸ್ ಮನೆಗೆ ಬಂದಿದ್ದನ್ನ ಎಲ್ಲಾದ್ರೂ ಕಂಡಿದೀಯೇನೋ?”

“ಇಲ್ಲ ದೊಡ್ಡಮ್ಮ.”

“ನನ್ನ ಮನೆಗೆ ನಾನು ವಾಪಸ್ ಹೋಗ್ಬೇಕು. ಅದಕ್ಕೊಂದು ದಾರಿ ಇದ್ರೆ ಹೇಳು. ಇಲ್ದಿದ್ರೆ ಸಮಾಧಾನ ಗಿಮಾಧಾನ ಮಾಡೋಕೆ ಬರ್ಬೇಡ.”

ನಮ್ಮ ಮನೆಗೆ ಕರೆತರೋಣವೆಂದರೆ ಅದು ಈ ಕಡೆಯ ಹಳೆಯ ಮನೆಗಳ ಜಾತಿಯದು. ಮುಂಬಾಗಿಲು ತೆರೆದರೆ ಹಜಾರ ಸಿಗುವುದಿಲ್ಲ, ಮೆಟ್ಟಿಲು ಸಿಗುತ್ತದೆ: ಆರು ಮೇಲಕ್ಕೆ, ಏಳು ಕೆಳಕ್ಕೆ. ಮಲಗುವ ಕೋಣೆ, ಸ್ನಾನದ ಮನೆ ಎಲ್ಲ ಮೇಲೆ. ನಾನು ಮೂರು ದಿನ ಆ ಮೆಟ್ಟಿಲನ್ನೇ ಹತ್ತಿ ಇಳಿದು ಯೋಚಿಸಿದೆ. ಕೂತು ಯೋಚಿಸುವುದು ನನಗೆ ಮೊದಲಿನಿಂದಲೂ ಬಾರದು.

ದಾರಿ ಕಂಡುಹಿಡಿದದ್ದು ನನ್ನ ಹೆಂಡತಿ. ನಮ್ಮದು ಮಿಲ್ ಕ್ರೀಕ್‌ನಿಂದ ಹತ್ತು ನಿಮಿಷ ದೂರದ ಸಣ್ಣ ಊರು. ಸಣ್ಣದಾದರೂ ಅದಕ್ಕೊಂದು ಸಿಟಿ ಹಾಲ್ ಇದೆ. ಬೇಲಿ ಎಷ್ಟು ಎತ್ತರ ಇರಬೇಕು, ಕೋಳಿ ಎಷ್ಟು ಸಾಕಬಹುದು, ಯಾವ ಬೀದಿಯಲ್ಲಿ ಏನು ಕಟ್ಟಬಹುದು ಎಂದೆಲ್ಲ ಹೇಳುವ ವಲಯ ನಿಯಮಗಳಿವೆ. ಅವುಗಳ ನಡುವೆ ಒಂದು ಪುಟ್ಟ ಅಧ್ಯಾಯ ಸಿಕ್ಕಿತು. ಕಾಯಿಲೆಯವರನ್ನು ನೋಡಿಕೊಳ್ಳಲು ಮನೆಯವರು ತಮ್ಮ ಹಿತ್ತಲಿನಲ್ಲಿ ಒಂದು ತಾತ್ಕಾಲಿಕ ಮನೆ ತಂದಿಟ್ಟುಕೊಳ್ಳಬಹುದು. ಕಟ್ಟುವಂತಿಲ್ಲ, ಲಾರಿಯಲ್ಲಿ ತಂದು ಇಳಿಸಬೇಕು. ಒಬ್ಬರಷ್ಟೇ ಇರಬೇಕು. ಅವರಿಗೆ ದಿನದ ಕೆಲಸಗಳಲ್ಲಿ ಸಹಾಯ ಬೇಕೆಂದು ಡಾಕ್ಟರು ಬರೆದುಕೊಡಬೇಕು. ನೋಡಿಕೊಳ್ಳುವವರು ರಕ್ತದಿಂದಲೋ ಮದುವೆಯಿಂದಲೋ ದತ್ತಿನಿಂದಲೋ ಅವರಿಗೆ ಸಂಬಂಧಿಯಾಗಿರಬೇಕು.

ಅಂಥ ಮನೆಗಳನ್ನು ಬಾಡಿಗೆಗೆ ಕೊಡುವವರು ಬಾಥೆಲ್‌ನ ಆಚೆ ಇದ್ದರು. ಹೋಗಿ ನೋಡಿದೆವು. ಒಂದು ಕೋಣೆ, ಹಿಡಿಗಂಬಿ ಇರುವ ಸ್ನಾನದ ಮನೆ, ಗೋಡೆಗೆ ಒಂದು ಪುಟ್ಟ ಅಡುಗೆ ಕಟ್ಟೆ, ಬಾಗಿಲಿಗೆ ಇಳಿಜಾರು. ದೊಡ್ಡಮ್ಮನಿಗೆ ಫೋಟೊ ತೋರಿಸಿದಾಗ “ಬೆಂಕಿಪಟ್ಟಣ ಇದ್ದಂಗಿದೆ. ಆಗುತ್ತೆ, ತರ್ಸು” ಎಂದರು. ಇನ್ನು ಮೂರು ವಾರದೊಳಗೆ ಪರವಾನಗಿ ಸಿಕ್ಕರೆ ಆ ಮನೆ ನಮ್ಮದು. ಇಲ್ಲದಿದ್ದರೆ ಅದಕ್ಕೆ ಕಾಯುತ್ತಿದ್ದ ಬೇರೆಯವರದು.

ಟೇಪ್ ಹಿಡಿದು ಹಿತ್ತಲು ಅಳೆದು, ನಕ್ಷೆ ಬರೆದು, ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಎಂದು ಬಾಣದ ಗುರುತು ಹಾಕಿ ಅರ್ಜಿ ಕಳಿಸಿದೆ. ನಾಲ್ಕನೇ ದಿನ ವಾಪಸ್ ಬಂತು.

ಸಿಟಿ ಹಾಲ್‌ನ ಕಟ್ಟೆಯ ಹಿಂದೆ ಇದ್ದ ಅಧಿಕಾರಿ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡವಳು, ನನ್ನ ಕಾಗದಗಳನ್ನು ಸಾಲಾಗಿ ಜೋಡಿಸಿಟ್ಟಳು. ಅರ್ಜಿಯಲ್ಲಿ ‘ತಾಯಿ’. ಡಾಕ್ಟರರ ಪತ್ರದಲ್ಲಿ ‘ಆಂಟ್’. ಆಸ್ಪತ್ರೆಯ ದಾಖಲೆಯಲ್ಲಿ, ದೊಡ್ಡಮ್ಮ ಅವರೇ ಹೇಳಿ ಬರೆಸಿದ್ದು, ‘ಮಗ’. ಮೂರರಲ್ಲಿ ಎಲ್ಲೂ ಇಬ್ಬರಿಗೂ ಒಂದೇ ಮನೆತನದ ಹೆಸರಿಲ್ಲ. ನನ್ನ ಹೆಸರಿನ ಕೊನೆಗೆ ಇರುವುದು ನನ್ನ ಅಪ್ಪನ ಹೆಸರು, ದೊಡ್ಡಮ್ಮನ ಕೊನೆಗೆ ಇರುವುದು ದೊಡ್ಡಪ್ಪನದು.

ಆಕೆ ಕೋಪಿಸಿಕೊಳ್ಳಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು: “ಹಾಗಾದರೆ ಇವರು ನಿಮಗೆ ನಿಜಕ್ಕೂ ಏನಾಗಬೇಕು?”

“ನನ್ನ ತಾಯಿಯ ಅಕ್ಕ.”

“ಒಳ್ಳೆಯದು. ಹಾಗೆಂದು ಪ್ರಮಾಣ ಮಾಡಿ ಸಹಿ ಹಾಕಿ. ಜೊತೆಗೆ ಅದನ್ನು ತೋರಿಸುವ ಒಂದು ದಾಖಲೆ ಕೊಡಿ, ಸಾಕು. ಮೊದಲ ಸಲವೇ ಸರಿಯಾಗಿ ಬರೆದಿದ್ದರೆ ದಾಖಲೆಯನ್ನೂ ಕೇಳುತ್ತಿರಲಿಲ್ಲ.”

ಪ್ರಮಾಣದ ಕಾಗದ ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟೆ. ಪೆನ್ನು ತೆಗೆದೆ. ಸಹಿ ಹಾಕಲು ಆಗಲಿಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಂದು ಮಾತನ್ನು ನೀನು ಹೇಗೆ ಬಲ್ಲೆ ಎಂದು ಐದು ವರ್ಷ ನನ್ನನ್ನು ಕೇಳಿ ಕೇಳಿ ಪದವಿ ಕೊಟ್ಟರು. ಆ ಪ್ರಶ್ನೆ ಈಗ ತಿರುಗಿ ನನ್ನ ಮೇಲೇ ಬಂತು. ದೊಡ್ಡಮ್ಮ ಅಮ್ಮನ ಅಕ್ಕ ಎಂದು ನನಗೆ ಹೇಗೆ ಗೊತ್ತು? ಯಾರೂ ಕೂರಿಸಿಕೊಂಡು ಹೇಳಿದ್ದಿಲ್ಲ. ನನ್ನ ಬಳಿ ಇದ್ದದ್ದು ಒಂದು ಚಿತ್ರ: ಮೈಸೂರಿನ ಅಜ್ಜಿಯ ಮನೆಯ ಹಿಂದಿನ ಜಗಲಿ, ಅಜ್ಜಿ ಕೂತಿದ್ದಾಳೆ, ಮುಂದೆ ಒಂದರ ಹಿಂದೊಂದು ಇಬ್ಬರು ಹುಡುಗಿಯರು ಜಡೆ ಹಾಕಿಸಿಕೊಳ್ಳುತ್ತಿದ್ದಾರೆ, ಇಬ್ಬರದೂ ಒಂದೇ ಬಟ್ಟೆಯ ಲಂಗ, ಹಸಿರಿನ ಮೇಲೆ ಬಿಳಿ ಚುಕ್ಕೆ. ಅಷ್ಟು ಸ್ಪಷ್ಟ. ಆದರೆ ಅಮ್ಮ ಜಡೆ ಹಾಕಿಸಿಕೊಳ್ಳುವ ವಯಸ್ಸಿನಲ್ಲಿ ನಾನು ಎಲ್ಲಿದ್ದೆ? ಹುಟ್ಟಿಯೇ ಇರಲಿಲ್ಲ. ನಾನು ನೋಡಿರಲು ಸಾಧ್ಯವೇ ಇಲ್ಲದ್ದನ್ನು ನಲವತ್ತು ವರ್ಷ ನೋಡಿದ್ದೇನೆಂದೇ ನಂಬಿಕೊಂಡಿದ್ದೆ.

ಹೆಂಡತಿ ಬಂದು ಖಾಲಿ ಗೆರೆ ನೋಡಿದಳು. “ಇನ್ನೂ ಸೈನ್ ಹಾಕಿಲ್ವಾ?”

“ಸುಳ್ಳು ಪ್ರಮಾಣ ಆದ್ರೆ?”

“ರೀ, ನಮ್ಮ ಮದುವೆ ರಿಜಿಸ್ಟರಿಗೆ ಸೈನ್ ಹಾಕೋವಾಗ ಇಷ್ಟು ಯೋಚನೆ ಮಾಡಿದ್ರಾ ನೀವು?”

“ಅವಾಗ ನೀನು ಎದುರಿಗೇ ಇದ್ದೆ. ಪುರಾವೆ ಇತ್ತು.”

“ದೊಡ್ಡಮ್ಮನೂ ಎದುರಿಗೇ ಇದಾರೆ, ಹೋಗಿ ಕೇಳಿ,” ಎಂದು ಅವಳು ಒಳಗೆ ಹೋದಳು.

ಕೇಳುವ ಮೊದಲು ಕಾಗದವನ್ನೇ ನೋಡೋಣವೆಂದುಕೊಂಡೆ. ದೊಡ್ಡಮ್ಮನ ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡು ಇದ್ದ ಫೈಲನ್ನು ಹೆಂಡತಿ ಅವರು ಆಸ್ಪತ್ರೆ ಸೇರಿದ ದಿನವೇ ನ್ಯೂಕ್ಯಾಸಲ್‌ನಿಂದ ತಂದಿಟ್ಟಿದ್ದಳು. ಅಮ್ಮನ ಮಾರ್ಕ್ಸ್ ಕಾರ್ಡಿನ ಫೋಟೊ ಕಳಿಸಲು ಮೈಸೂರಿನಲ್ಲಿರುವ ತಂಗಿಗೆ ಹೇಳಿದೆ. ಎರಡರಲ್ಲೂ ತಂದೆಯ ಹೆಸರಿರುತ್ತದೆ. ಎರಡೂ ಒಂದೇ ಆಗಿದ್ದರೆ ಮುಗಿಯಿತು.

ಅಮ್ಮನದರಲ್ಲಿ ನನ್ನ ತಾತನ ಹೆಸರಿತ್ತು. ದೊಡ್ಡಮ್ಮನದರಲ್ಲಿ ನಾನು ಜನ್ಮದಲ್ಲಿ ಕೇಳಿರದ ಒಂದು ಹೆಸರು.

ಮರುದಿನ ಎರಡನ್ನೂ ಹಿಡಿದುಕೊಂಡು ರಿಹ್ಯಾಬ್‌ಗೆ ಹೋದೆ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು, ಅಲ್ಲಿಯ ಉಪ್ಪಿಲ್ಲದ ಸೂಪಿಗೆ ಮನೆಯಿಂದ ತಂದ ಚಟ್ನಿಪುಡಿ ಕಲಸುತ್ತಿದ್ದರು. ಹೇಗೆ ಕೇಳಬೇಕೆಂದು ತಿಳಿಯದೆ ಕಿಟಕಿಗೂ ಬಾಗಿಲಿಗೂ ಎರಡು ಸಲ ನಡೆದೆ.

“ಕೂತ್ಕೊಳೋ, ತಲೆ ತಿರುಗುತ್ತೆ ನಂಗೆ. ಏನಾಯ್ತು?”

ಎರಡು ಕಾರ್ಡುಗಳನ್ನೂ ಕೊಟ್ಟೆ. ಅವರು ನೋಡಿದರು. ಆಶ್ಚರ್ಯಪಡಲಿಲ್ಲ.

“ಓ, ಇದಾ? ನಿಂಗೆ ಗೊತ್ತಿರ್ಲಿಲ್ವಾ?”

“ಏನು ಗೊತ್ತಿರ್ಲಿಲ್ವಾ ಅಂತ?”

“ನಿಮ್ಮ ತಾತ ನಂಗೆ ಚಿಕ್ಕಪ್ಪ ಕಣೋ. ನಮ್ಮಪ್ಪ ಅವನ ಅಣ್ಣ. ನಂಗೆ ಮೂರು ವರ್ಷ ಆಗಿದ್ದಾಗ ವಿಷಮಶೀತ ಜ್ವರದಲ್ಲಿ ಹೋದ್ರಂತೆ. ಮರುವರ್ಷ ಅಮ್ಮನೂ ಹೋದ್ಲು. ಚಿಕ್ಕಪ್ಪ ಎತ್ಕೊಂಡು ಬಂದ. ಆಮೇಲೆ ತಾನೇ ನಿಮ್ಮಮ್ಮ ಹುಟ್ಟಿದ್ದು.”

“ನಂಗೆ ಯಾರೂ ಹೇಳ್ಲೇ ಇಲ್ವಲ್ಲ ದೊಡ್ಡಮ್ಮ!”

“ಹೇಳೋದೇನಿತ್ತು? ಅವಳಿಗೇ ಎಂಟನೇ ಕ್ಲಾಸಿನ ತನಕ ಗೊತ್ತಿರ್ಲಿಲ್ಲ. ಅಕ್ಕ ಅಂದ್ಮೇಲೆ ಅಕ್ಕ. ಅದರೊಳಗೆ ಹೊಲಿಗೆ ಬಿಚ್ಚಿ ನೋಡ್ತಾರೇನೋ ಯಾರಾದ್ರೂ?”

ಹಸಿರು ಲಂಗದ ವಿಷಯ ಕೇಳಿದೆ. ಅವರು ನಕ್ಕರು. “ಮನೇಲಿದ್ದ ಏಳು ಜನ ಹುಡ್ಗೀರಿಗೂ, ಪಕ್ಕದ್ಮನೆ ಮೇಷ್ಟ್ರ ಮಗಳಿಗೂ ಒಂದೇ ಥಾನಲ್ಲಿ ಹೊಲಿಸ್ತಿದ್ರು. ಹಾಗೆ ನೋಡಿದ್ರೆ ಅವಳೂ ನಿಂಗೆ ದೊಡ್ಡಮ್ಮನೇ ಆಗ್ಬೇಕು.”

ಒಂದು ರೀತಿಯಲ್ಲಿ ಇದರಿಂದ ನಷ್ಟವೇನೂ ಇರಲಿಲ್ಲ. ಅಮ್ಮನ ದೊಡ್ಡಪ್ಪನ ಮಗಳು ಎಂದರೂ ರಕ್ತಸಂಬಂಧವೇ, ನಿಯಮಕ್ಕೆ ಅಷ್ಟು ಸಾಕು. ಆದರೆ ಈಗ ಹೊಸ ತೊಡಕು: ಬೇರೆ ಬೇರೆ ಹೆಸರಿನ ಆ ಇಬ್ಬರು ಅಣ್ಣತಮ್ಮಂದಿರು ಎಂದು ತೋರಿಸುವುದು ಹೇಗೆ? ಅವರ ಕಾಲದಲ್ಲಿ ಜನನ ಪತ್ರವೇ ಇರಲಿಲ್ಲ.

“ಲಗ್ನಪತ್ರಿಕೆ ಇದೆಯಾ ನಿಮ್ದು?” ಎಂದೆ. ಆ ಕಾಲದ ಲಗ್ನಪತ್ರಿಕೆಗಳಲ್ಲಿ ಹುಡುಗಿ ಯಾರ ಮೊಮ್ಮಗಳು, ಯಾರ ಮಗಳು, ಕರೆಯುತ್ತಿರುವವರು ಯಾರು ಎಂದು ವಂಶವನ್ನೇ ಅಚ್ಚು ಹಾಕಿಸುತ್ತಿದ್ದರು. ಯಾವ ಸರ್ಕಾರಿ ಕಚೇರಿಯೂ ಇಡದ ಲೆಕ್ಕ ಅದರಲ್ಲಿರುತ್ತದೆ.

ದೊಡ್ಡಮ್ಮನ ಮುಖ ಸಣ್ಣದಾಯಿತು. ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಹಾಕಿದರು.

“ಇದೆ. ಧಾರೆ ಸೀರೆ ಜೊತೆ ಸುತ್ತಿಟ್ಟಿದೀನಿ. ಆದ್ರೆ ಅದ್ರಿಂದ ಏನೂ ಪ್ರಯೋಜನ ಇಲ್ಲ.”

“ಯಾಕೆ?”

“ನಿಮ್ಮ ತಾತ ನಂಗೆ ಎಲ್ಲಾ ಮಾಡ್ದ. ಕಾಲೇಜಿಗೆ ಕಳಿಸ್ದ, ಒಳ್ಳೆ ಕಡೆ ಕೊಟ್ಟ. ದೇವ್ರಂಥ ಮನುಷ್ಯ. ಆದ್ರೆ ಆ ಕಾರ್ಡಲ್ಲಿ ನಮ್ಮಪ್ಪನ ಹೆಸರು ಹಾಕಿಸ್ಲಿಲ್ಲ. ‘ನನ್ನ ಪುತ್ರಿ’ ಅಂತ ಹಾಕಿಸ್ಬಿಟ್ಟ. ಪ್ರೀತಿಗೇ, ಇಲ್ಲ ಅನ್ನಲ್ಲ. ಆದ್ರೂ ನಮ್ಮಪ್ಪನ ಹೆಸರು ಒಂದ್ಸಲ ಅಚ್ಚಾಗೋಕೆ ಲೋಕದಲ್ಲಿ ಇದ್ದಿದ್ದು ಅದೊಂದೇ ಜಾಗ.”

“ನೀವೇ ಓದಿದ್ರಾ?”

“ನನ್ನ ಮದ್ವೆ ಕಾರ್ಡ್ ನಾನು ಓದಿರಲ್ವೇನೋ?” ಅವರಿಗೆ ರೇಗಿತು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, “ಅವತ್ತು ಓದಿದ್ದೆ. ಆಮೇಲೆ ಬಿಚ್ಚಿ ನೋಡ್ಲಿಲ್ಲ. ಯಾಕ್ ನೋಡ್ಬೇಕು?” ಎಂದರು.

ಶನಿವಾರ ನ್ಯೂಕ್ಯಾಸಲ್‌ಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ದೊಡ್ಡಮ್ಮ ಹೇಳಿದ್ದೇ ನಿಜವಾಗಿದ್ದರೆ ಆ ಕಾರ್ಡು ನಮ್ಮನ್ನು ಮುಳುಗಿಸುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಬ್ಬ ತಂದೆ, ಲಗ್ನಪತ್ರಿಕೆಯಲ್ಲಿ ಇನ್ನೊಬ್ಬ. ಮೊದಲೇ ತಾಯಿ, ಆಂಟ್, ಮಗ ಎಂದು ಮೂರು ಕತೆ ಹೇಳಿದ್ದಾಯಿತು, ಇದು ನಾಲ್ಕನೆಯದು. ಬಾಡಿಗೆ ಮನೆಯವರು ಕೊಟ್ಟ ಗಡುವಿಗೆ ಉಳಿದಿದ್ದದ್ದು ಹತ್ತೇ ದಿನ. ಕಾರು ಓಡಿಸುತ್ತಿದ್ದ ಮಗಳು, ಹೊಸದಾಗಿ ಲೈಸೆನ್ಸ್ ಬಂದ ಹುರುಪಿನಲ್ಲಿದ್ದವಳು, “ಅಪ್ಪಾ, ಸ್ಟಾಪ್ ಟ್ಯಾಪಿಂಗ್ ದ ಡ್ಯಾಶ್‌ಬೋರ್ಡ್” ಎಂದು ಎರಡು ಸಲ ಗದರಿದಳು.

ಸೀರೆ ಕಪಾಟಿನ ಮೇಲಿನ ಅರೆಯಲ್ಲಿ ಬಿಳಿಯ ಪಂಚೆಯ ತುಂಡಿನಲ್ಲಿ ಸುತ್ತಿ ಇತ್ತು. ಮಂಚದ ಮೇಲೆ ಹರಡಿ ಮಡಿಕೆ ಬಿಡಿಸಿದೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಗುಲಾಬಿ ಬಣ್ಣದ ಕಾಗದ ಕೈಗೆ ಬಂತು. ಅರಿಶಿನ ಕಂದಾಗಿತ್ತು, ಮಡಿಚಿದ ಗೆರೆ ಹರಿಯುವ ಹಾಗಿತ್ತು. ಗಣಪತಿಯ ಚಿತ್ರ, ಕುಲದೇವರು, ಮುಹೂರ್ತ. ಅದರ ಕೆಳಗೆ ತಾತನ ಮಾತಿನಲ್ಲಿ ಹೀಗಿತ್ತು:

‘ನನ್ನ ದಿವಂಗತ ಅಣ್ಣನವರಾದ ಶ್ರೀಮಾನ್...’ ಎಂದು ದೊಡ್ಡಮ್ಮನ ಮಾರ್ಕ್ಸ್ ಕಾರ್ಡಿನಲ್ಲಿದ್ದ ಅದೇ ಹೆಸರು, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ. ‘ಅವರ ಏಕಮಾತ್ರ ಪುತ್ರಿಯೂ, ನನ್ನ ಮನೆಯ ಹಿರಿಯ ಮಗಳೂ ಆದ...’

ನಾನು ಅದನ್ನು ಮೂರು ಸಲ ಓದಿದೆ. ನಂಬಿಕೆ ಸಾಲದೆ ಮಗಳನ್ನು ಕರೆದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದುವುದಕ್ಕೆ ಅಕ್ಷರಕ್ಕೊಂದು ನಿಮಿಷ ಬೇಕು. ಬೆರಳಿಟ್ಟು ಓದಿಸಿದೆ. ‘ಅ-ಣ್ಣ-ನ-ವ-ರಾ-ದ.’ ಅವಳು ತಲೆಯೆತ್ತಿ, “ಸೋ ಹಿ ಡಿಡ್ ಪುಟ್ ದ ನೇಮ್!” ಎಂದಳು. ನಾನು ಕಾಗದವನ್ನು ಎತ್ತಿ ಹಿಡಿದು ಆ ಕೋಣೆಯಲ್ಲಿ ಕುಣಿದೆ. ಕುಣಿದೆನೆಂಬುದು ಮಗಳ ಹೇಳಿಕೆ. ನನಗೆ ನೆನಪಿಲ್ಲ, ಆದರೆ ಅಲ್ಲಗಳೆಯುವುದಿಲ್ಲ.

ದೊಡ್ಡಮ್ಮ ಬೇರೆ ಏನನ್ನೋ ಓದಿದ್ದು ಹೇಗೆ? ಅಚ್ಚಿನ ಮನೆಯ ಮೊದಲ ಪ್ರತಿಯಲ್ಲಿ ‘ನನ್ನ ಪುತ್ರಿ’ ಎಂದಿದ್ದು, ತಾತ ಆಮೇಲೆ ತಿದ್ದಿಸಿರಬಹುದು ಎಂದು ನನ್ನ ಊಹೆ. ಅಥವಾ ‘ನನ್ನ ಮನೆಯ ಹಿರಿಯ ಮಗಳು’ ಎಂಬ ಕಡೆಯ ಮಾತಷ್ಟೇ ಮದುವೆಯ ಗಡಿಬಿಡಿಯಲ್ಲಿ ಅವರ ಕಣ್ಣಿಗೆ ಬಿದ್ದಿರಬಹುದು. ಪುರಾವೆ ಯಾವುದಕ್ಕೂ ಇಲ್ಲ.

ಅಲ್ಲಿಂದ ನೇರ ರಿಹ್ಯಾಬ್‌ಗೆ ಹೋದೆವು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಓದಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

“ಹಾಕಿಸಿದಾನೆ,” ಎಂದರು.

ಮಗಳು ಅವರ ಕುರ್ಚಿಯ ಪಕ್ಕ ಹೋಗಿ ಕೂತಳು.

“ಐವತ್ತೈದು ವರ್ಷ ಆ ಮನುಷ್ಯನ ಮೇಲೆ ಸುಮ್‌ಸುಮ್ನೆ ಕೋಪ ಇಟ್ಕೊಂಡಿದ್ನಲ್ಲೋ ನಾನು.” ಕಣ್ಣು ಒರೆಸಿಕೊಂಡರು. ಅಷ್ಟರಲ್ಲಿ ಮಾತ್ರೆ ಕೊಡಲು ನರ್ಸ್ ಬಂದಳು. ದೊಡ್ಡಮ್ಮ ಆಕೆಯ ಕೈ ಹಿಡಿದು ಹತ್ತಿರ ಎಳೆದು, ದಪ್ಪ ಅಕ್ಷರದ ಮೇಲೆ ಬೆರಳಿಟ್ಟು, “ದಿಸ್ ಈಸ್ ಮೈ ಫಾದರ್” ಎಂದರು. ಆಕೆ ಆ ಅಕ್ಷರಗಳನ್ನು ಬಹಳ ಗೌರವದಿಂದ ನೋಡಿದಳು. ಆ ಸಂಜೆ ಊಟ ತಂದವನಿಗೆ, ನೆಲ ಒರೆಸಲು ಬಂದವಳಿಗೆ, ಪಕ್ಕದ ಕೋಣೆಯ ಮುದುಕರಿಗೆ ಎಲ್ಲರಿಗೂ ಅಪ್ಪನನ್ನು ಪರಿಚಯಿಸಿದರಂತೆ.

ಅರ್ಜಿದಾರ ತಾನೇ ಅನುವಾದ ಮಾಡುವಂತಿರಲಿಲ್ಲ. ಬಾಥೆಲ್‌ನಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಮೇಡಂ ಒಬ್ಬರು ಒಂದೇ ದಿನದಲ್ಲಿ ಮಾಡಿ, ಸಹಿ ಹಾಕಿ ಕೊಟ್ಟರು. ಒಂದು ಅಕ್ಷರ ಬಿಟ್ಟಿರಲಿಲ್ಲ. ಕುಲದೇವರ ಪ್ರಸನ್ನತೆಯೂ ಇಂಗ್ಲಿಷಿಗೆ ಬಂದಿತ್ತು, ಕೆಳಗಿದ್ದ ಬಂಧುಗಳ ಪಟ್ಟಿಯೂ ಬಂದಿತ್ತು.

ಸಿಟಿ ಹಾಲ್‌ನ ಅಧಿಕಾರಿ ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದತೊಡಗಿದಳು. ನಾನು ಕಟ್ಟೆಯ ಈ ಕಡೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ.

“ಈ ಕಂದು ಕಲೆ?”

“ಅರಿಶಿನ. ಶುಭಕ್ಕೆ ಹಚ್ಚುತ್ತೇವೆ.”

“ಕೆಳಗೆ ಇರುವ ಈ ಇಪ್ಪತ್ತು ಜನ ಯಾರು?”

“ನೀವು ಮದುವೆಗೆ ಬರಬೇಕೆಂದು ಆಸೆಪಡುವವರು.”

“ನಾನೇ?”

“ಕಾರ್ಡು ಯಾರ ಕೈಯಲ್ಲಿದೆಯೋ ಅವರು.”

ಆಕೆ ನಕ್ಕಳು. ಆಮೇಲೆ ಪೆನ್ಸಿಲ್ಲಿನಿಂದ ಮೂರು ಕಾಗದಗಳಲ್ಲೂ ಹೆಸರು ಹುಡುಕಿದಳು. ದೊಡ್ಡಮ್ಮನ ಮಾರ್ಕ್ಸ್ ಕಾರ್ಡಿನ ತಂದೆ, ಲಗ್ನಪತ್ರಿಕೆಯ ದಿವಂಗತ ಅಣ್ಣ. ಅಮ್ಮನ ಮಾರ್ಕ್ಸ್ ಕಾರ್ಡಿನ ತಂದೆ, ಲಗ್ನಪತ್ರಿಕೆಯಲ್ಲಿ ಕರೆಯುತ್ತಿರುವ ತಮ್ಮ. ಅಮ್ಮನ ಹೆಸರಿಂದ ನನ್ನ ಜನನ ಪತ್ರಕ್ಕೆ ಒಂದು ಗೆರೆ. ಪೆನ್ಸಿಲ್ ಕೆಳಗಿಟ್ಟು, “ನನ್ನ ಸ್ವಂತ ಅಜ್ಜಿಯ ಬಗ್ಗೆ ನನ್ನ ಹತ್ತಿರ ಇಷ್ಟು ದಾಖಲೆ ಇಲ್ಲ” ಎಂದಳು.

ಪ್ರಮಾಣದ ಕಾಗದದಲ್ಲಿ ‘ನನ್ನ ತಾಯಿಯ ದೊಡ್ಡಪ್ಪನ ಮಗಳು’ ಎಂದು ಬರೆದು ಸಹಿ ಹಾಕಿದೆ. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಗಡುವಿಗೆ ಮೂರು ದಿನ ಇರುವಾಗ ಪರವಾನಗಿ ಕೈಗೆ ಬಂತು.

ಬೇಲಿಯ ಎರಡು ಹಲಗೆ ಬಿಚ್ಚಿ ಲಾರಿ ಹಿತ್ತಲಿಗೆ ಹಿಂದಕ್ಕೆ ಬಂತು. ಹೆಂಡತಿ ಕೈ ಬೀಸುತ್ತ ಡ್ರೈವರಿಗೆ “ಬರ್ಲಿ, ಬರ್ಲಿ, ಬರ್ಲಿ, ಸಾಕು!” ಎಂದು ಕೂಗಿದಳು, ಅವನು ಕರಾರುವಾಕ್ಕಾಗಿ ನಿಲ್ಲಿಸಿದ. ನೀರು, ಕರೆಂಟು ಜೋಡಿಸಿದರು, ಇನ್ಸ್‌ಪೆಕ್ಟರ್ ಬಂದು ನೋಡಿ ಹೋದ. ದೊಡ್ಡಮ್ಮ ವಾಕರ್ ಹಿಡಿದು ಇಳಿಜಾರು ಹತ್ತಿ, ಬಲಗಾಲಿಟ್ಟು ಒಳಗೆ ಹೋಗಿ, ಯಾರ ಮಾತೂ ಕೇಳದೆ ಹಾಲುಕ್ಕಿಸಿದರು. ಹಾಲು ಉಕ್ಕಿ ಒಲೆಯ ಮೇಲೆ ಬಿದ್ದು ಹೊಗೆಯಾಗಿ, ಛಾವಣಿಯ ಅಲಾರಂ ಇಡೀ ಬೀದಿಗೆ ಕೇಳುವಂತೆ ಹೊಡೆದುಕೊಂಡಿತು. “ಮಂಗಳವಾದ್ಯ ಆಯ್ತು,” ಎಂದರು.

ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಸಹಾಯ ಮಾಡುತ್ತಿದ್ದಳು. ಮಧ್ಯಾಹ್ನ ನಾನು ಮನೆಯಿಂದಲೇ ಕೆಲಸ ಮಾಡುತ್ತ ಊಟ ಕೊಡುತ್ತಿದ್ದೆ, ಬೈಸಿಕೊಳ್ಳುತ್ತಿದ್ದೆ. ವಾರಕ್ಕೆರಡು ಸಲ ಬರುತ್ತಿದ್ದ ಥೆರಪಿಸ್ಟ್, ನಾನು ಶಾಪ ಹಾಕಿದ್ದ ನಮ್ಮ ಮನೆಯ ಮೆಟ್ಟಿಲುಗಳನ್ನೇ ಅವರ ವ್ಯಾಯಾಮಕ್ಕೆ ಇಟ್ಟಳು. ಮೊದಲು ಒಂದು ಮೆಟ್ಟಿಲು. ತಿಂಗಳು ಕಳೆದ ಮೇಲೆ ಮೂರು. ಮಗಳು ಮೇಲಿನ ಮೆಟ್ಟಿಲಲ್ಲಿ ಕೂತು “ಒನ್ ಮೋರ್, ಅಜ್ಜಿ, ಒನ್ ಮೋರ್” ಎನ್ನುತ್ತಿದ್ದಳು. ಅಜ್ಜಿ “ನಿನ್ ತಲೆ” ಎನ್ನುತ್ತಲೇ ಇನ್ನೊಂದು ಹತ್ತುತ್ತಿದ್ದರು. ಶ್ರಾವಣ ಬರುವಷ್ಟರಲ್ಲಿ ಆರನ್ನೂ ಹತ್ತಿ, ನಮ್ಮ ಅಡುಗೆಮನೆಗೆ ಬಂದು, ನನ್ನ ಹೆಂಡತಿಯ ಸಾಂಬಾರಿಗೆ ಹುಣಸೆಹಣ್ಣು ಹೆಚ್ಚಾಗಿದೆ ಎಂದು ಹೇಳಿ ಇಳಿದು ಹೋಗಿದ್ದರು.

ವರ್ಷ ತುಂಬುವ ಮೊದಲು ಡಾಕ್ಟರರಿಂದ ಹೊಸ ಪತ್ರ ಬೇಕಿತ್ತು. ಸಹಾಯದ ಅಗತ್ಯ ಇನ್ನೂ ಇದೆ ಎಂದು ಅವರು ಬರೆದರಷ್ಟೇ ಮನೆ ಉಳಿಯುತ್ತದೆ. ಇಲ್ಲವೆಂದರೆ ಒಂದು ತಿಂಗಳಲ್ಲಿ ಹಿತ್ತಲಿನಿಂದ ಅದನ್ನು ತೆಗೆಯಬೇಕು. ಕಾಗದ ಹಿಡಿದು ದೊಡ್ಡಮ್ಮನ ಜೊತೆ ನಾನೂ ಹೋದೆ.

“ಸ್ನಾನಕ್ಕೆ ಸಹಾಯ ಬೇಕೆ?” ಎಂದರು ಡಾಕ್ಟರು.

“ಬೇಡ.”

“ಬಟ್ಟೆ ಹಾಕಿಕೊಳ್ಳಲು?”

“ಸೀರೆ ನಾನೇ ಉಡ್ತೀನಿ. ನೀವು ಉಟ್ಟು ನೋಡಿ, ಎಷ್ಟು ಕಷ್ಟ ಗೊತ್ತಾಗುತ್ತೆ,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಾನು ಕನ್ನಡದಲ್ಲಿ ಪಿಸುಗುಟ್ಟಿದೆ: “ದೊಡ್ಡಮ್ಮ, ಸ್ವಲ್ಪ ತಡೀರಿ. ಈ ಚಳಿಗಾಲ ಮುಗಿಯೋವರೆಗೂ ಇಲ್ಲೇ ಇದ್ರೆ ಒಳ್ಳೇದಲ್ವಾ?”

“ಯಾಕೆ, ಸುಳ್ಳು ಹೇಳ್ಬೇಕಾ ನಾನು? ಒಂದು ಸೈನ್ ಹಾಕೋಕೆ ಊರೆಲ್ಲಾ ಒದ್ದಾಡಿದೋನು ನೀನು!”

ಡಾಕ್ಟರು ಅವರನ್ನು ಕಾರಿಡಾರಿನ ಆ ತುದಿಯವರೆಗೆ ನಡೆಸಿದರು, ಮೆಟ್ಟಿಲು ಹತ್ತಿಸಿ ಇಳಿಸಿದರು. ಬಂದು ನನ್ನ ಕಾಗದವನ್ನು ಸಹಿಯಿಲ್ಲದೆ ಹಿಂದಕ್ಕೆ ಕೊಟ್ಟು, ದೊಡ್ಡಮ್ಮನ ಕೈ ಕುಲುಕಿದರು.

ಅದೇ ತಿಂಗಳು ಲಾರಿ ಬಂದು ಮನೆಯನ್ನು ಎಳೆದುಕೊಂಡು ಹೋಯಿತು. ಹುಲ್ಲಿನ ಮೇಲೆ ಒಂದು ಬಿಳಿಚಿದ ಚೌಕ ಉಳಿಯಿತು. ಫೈಲು ಮುಚ್ಚಲು ಸಿಟಿ ಹಾಲ್‌ನ ಅದೇ ಅಧಿಕಾರಿ ಬಂದಳು. ಮನೆ ತೆಗೆದ ಕಾರಣ ಬರೆಯುವ ಜಾಗಕ್ಕೆ ಬಂದಾಗ ಆಕೆಯ ಪೆನ್ನು ನಿಂತಿತು. ಮೆಲ್ಲಗೆ, “ನಿಮ್ಮ ಆಂಟ್...?” ಎಂದಳು. ಇಂಥ ಫೈಲುಗಳು ಸಾಮಾನ್ಯವಾಗಿ ಯಾವ ಕಾರಣಕ್ಕೆ ಮುಚ್ಚುತ್ತವೆ ಎಂಬುದು ಆ ದನಿಯಲ್ಲೇ ಇತ್ತು. ನಾನು ಬೇಲಿಯ ಕಡೆ ಕೈ ತೋರಿಸಿದೆ. ದೊಡ್ಡಮ್ಮ ಅಲ್ಲಿ ನಿಂತು, ಹಲಗೆ ಮತ್ತೆ ಹೊಡೆಯುತ್ತಿದ್ದವನಿಗೆ ಮೊಳೆ ಓರೆಯಾಗಿದೆ ಎಂದು ಹೇಳುತ್ತಿದ್ದರು. ಅಧಿಕಾರಿ ಸ್ವಲ್ಪ ಹೊತ್ತು ನೋಡಿ, ‘ಗುಣಮುಖ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಳು.

ಆ ಭಾನುವಾರ ನಾವೆಲ್ಲ ನ್ಯೂಕ್ಯಾಸಲ್‌ಗೆ ಹೋದೆವು. ಮುಂದಿನ ಮೆಟ್ಟಿಲಿಗೆ ಎರಡೂ ಕಡೆ ಹೊಸ ಕಂಬಿ ಹಾಕಿಸಿದ್ದೆವು. ನಾನು ಹಿಂದೆ ಕೈ ಚಾಚಿಕೊಂಡೇ ನಿಂತಿದ್ದೆ, ಬೇಕಾಗಲಿಲ್ಲ. ದೊಡ್ಡಮ್ಮ ಹತ್ತಿ ಹೋಗಿ, ಬೀಗ ತೆಗೆದು, ಕಿಟಕಿಗಳನ್ನೆಲ್ಲ ಧಡಧಡನೆ ತೆರೆದರು. ಒಳಗಿನಿಂದ ದನಿ ಬಂತು:

“ಡಿಕ್ಕೀಲಿರೋ ಕುಕ್ಕರ್ ತಗೊಂಡ್ ಬಾರೋ. ಆ ವಾಕರ್ ಅಲ್ಲೇ ಬಿಡು, ಯಾರಾದ್ರೂ ವಯಸ್ಸಾದೋರಿಗೆ ಕೊಟ್ರಾಯ್ತು.”